ಮೂರು ಈಡಿಗೆ ಒಂದು

ಟೌನೊ ರೌಟಿಯೊನ ಕಣ್ಣು ಮಂಜಾಗುತ್ತ ಬಂದು ಎರಡು ಚಳಿಗಾಲವಾಗಿತ್ತು. ಅದು ತನ್ನೊಬ್ಬನಿಗೇ ಗೊತ್ತು ಎಂದು ಅವನು ತಿಳಿದುಕೊಂಡಿದ್ದ. ಚರ್ಚಿನಲ್ಲಿ ಎಲ್ಲರ ಹಾಗೆ ಹಾಡಿನ ಪುಸ್ತಕ ತೆರೆದು ಹಿಡಿದು, ಬಾಯಿಪಾಠದಿಂದ ಹಾಡಿ ಮುಗಿಸುತ್ತಿದ್ದ. ದಾರಿಯಲ್ಲಿ ಯಾವ ಗಾಡಿ ಹೋದರೂ ಕೈ ಎತ್ತುತ್ತಿದ್ದ, ಒಳಗೆ ಯಾರಿದ್ದರೇನು ಬಿಟ್ಟರೇನು. ಒಮ್ಮೆ ಅಂಚೆ ಡಬ್ಬಿಯ ಪಕ್ಕ ಹಿಮದಲ್ಲಿ ನೆಟ್ಟಿದ್ದ ಸಲಿಕೆಯನ್ನು "ಏನಯ್ಯಾ ಸಮಾಚಾರ?" ಎಂದು ಮಾತಾಡಿಸಿದ್ದನ್ನು ನೆರೆಮನೆಯ ಯಾಲ್ಮರ್ ಪೆಲ್ಟೊ ಕಣ್ಣಾರೆ ಕಂಡು ಊರೆಲ್ಲ ಡಂಗುರ ಸಾರಿದ. ಆಗ ಟೌನೊ, "ಹೌದು, ಕುಡಿದಿದ್ದೆ. ಏನೀಗ?" ಎಂದುಬಿಟ್ಟ. ಕುಡುಕನೆನ್ನಿಸಿಕೊಂಡಾನು, ಕುರುಡನೆನ್ನಿಸಿಕೊಳ್ಳಲಾರ. ಅಂಥ ಆಸಾಮಿ.

ಆ ಹಟಕ್ಕೂ ಒಂದು ಕಾರಣವಿತ್ತೆನ್ನಿ. ಮಿಷಿಗನ್ನಿನ ಈ ಬಡಗಣ ಕಾಡಂಚಿನಲ್ಲಿ ತಾಮ್ರದ ಗಣಿ ಮುಚ್ಚಿದ ಮೇಲೆ ಅವನಿಗೆ ಉಳಿದಿದ್ದ ಮರ್ಯಾದೆ ಎಂದರೆ ತೋಟಾ ಕಟ್ಟುವ ಕೈ ಒಂದೇ. ಇಲ್ಲಿ ಅರ್ಧಕ್ಕರ್ಧ ಜನ ತಮ್ಮ ಕೋವಿಯ ತೋಟಾ ತಾವೇ ಕಟ್ಟಿಕೊಳ್ಳುತ್ತಾರೆ. ಹೊಡೆದ ಮೇಲೆ ಬಿದ್ದ ಹಿತ್ತಾಳೆಯ ಖಾಲಿ ತೋಟಾ ಹೆಕ್ಕಿ ತಂದು, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ಮುಗಿಯಿತು. ಅಷ್ಟು ಯಾರ ಕೈಲಾದರೂ ಆದೀತು. ಆದರೆ ಒಂದು ಕೋವಿಯ ಖಾಲಿ ತೋಟಾವನ್ನು ಕತ್ತರಿಸಿ, ಗಿಡ್ಡ ಮಾಡಿ, ಬೇರೊಂದು ಕೋವಿಗೆ ಹೊಂದಿಸುವುದು ಈ ಸುತ್ತಿನಲ್ಲಿ ಟೌನೊನಿಗೆ ಮಾತ್ರ ಬರುತ್ತಿತ್ತು.

ಅವನು ಹೊಂದಿಸುತ್ತಿದ್ದದ್ದು ಮಗಳು ಸಿಲ್ವಿಗಾಗಿ. ಟೌನೊನ ಅಣ್ಣ ಆರ್ವಿಡ್ ಯುದ್ಧ ಮುಗಿಸಿ ಬರುವಾಗ ಒಂದು ಜರ್ಮನ್ ಕೋವಿ ಹೊತ್ತು ತಂದಿದ್ದ. ಮಕ್ಕಳಿಲ್ಲದ ಅವನು ಸಾಯುವ ಮೊದಲು ಅದನ್ನು ಸಿಲ್ವಿಯ ಕೈಗಿಟ್ಟ. ಶಾಲೆಯ ಬಸ್ಸು ಓಡಿಸುತ್ತ, ಗಂಡನನ್ನು ಬಿಟ್ಟು ಪೇಟೆಯಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದ ಸಿಲ್ವಿ, ದೊಡ್ಡಪ್ಪನ ಆ ಕೋವಿ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅದರ ತೋಟಾ ಊರಿನ ಅಂಗಡಿಯಲ್ಲಿ ಸಿಗದು. ಅದಕ್ಕೇ ವರ್ಷಾ ವರ್ಷ ಟೌನೊ ತನ್ನ ಕೋವಿಯ ಉದ್ದನೆಯ ಖಾಲಿ ತೋಟಾಗಳನ್ನು ಕತ್ತರಿಸಿ ಅವಳಿಗೆ ಕಟ್ಟಿಕೊಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮಗಳ ನಡುವೆ ಮಾತು ಕಡಿಮೆ. ಇದ್ದ ಅಕ್ಕರೆಯೆಲ್ಲ ಆ ಹಿತ್ತಾಳೆಯ ಮೂಲಕವೇ ಹೋಗಿ ಬರುತ್ತಿತ್ತು.

ಕೆಲಸವೆಂದರೆ ಹೀಗೆ. ಸೀಸೆಯ ಹಾಗೆ ಕತ್ತು, ಭುಜ ಇರುವ ಖಾಲಿ ತೋಟಾವನ್ನು ವೈಸಿನ ಇಕ್ಕಳಕ್ಕೆ ಸಿಕ್ಕಿಸಿ, ಕತ್ತಿನ ಮೇಲ್ಭಾಗವನ್ನು ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ ಬಿಸಾಡಬೇಕು. ಉಳಿದದ್ದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಭುಜವನ್ನು ಕೆಳಕ್ಕಿಳಿಸಿ ಹೊಸ ಕತ್ತು ಮೂಡಿಸಬೇಕು. ಗರಗಸ ಎಂದೂ ನೆಟ್ಟಗೆ ಕತ್ತರಿಸದು. ಅದಕ್ಕೇ ಒಂದು ಉಗುರಿನಷ್ಟು ಹೆಚ್ಚಿಗೆ ಬಿಟ್ಟೇ ಕತ್ತರಿಸುವುದು. ಆಮೇಲೆ ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರಕ್ಕೆ ಒಂದೊಂದನ್ನೇ ಹಾಕಿ, ಬಾಯಿಯನ್ನು ಕೂದಲೆಳೆಯಷ್ಟೇ ಹೆರೆಯುತ್ತ ಹೆರೆಯುತ್ತ ಸರಿಯಾದ ಉದ್ದಕ್ಕೆ ತರಬೇಕು. ಉದ್ದ ಮಿಕ್ಕರೆ? ತೋಟಾ ಕೋವಿಯೊಳಗೆ ಹೇಗೋ ಹೋಗಿ ಕೂತೀತು. ಆದರೆ ಉದ್ದನೆಯ ಕತ್ತು ನಳಿಗೆಯ ಬಾಯಿಗೆ ಸಿಕ್ಕಿ ಗುಂಡನ್ನು ಕಚ್ಚಿ ಹಿಡಿಯುತ್ತದೆ. ಮದ್ದು ಹೊತ್ತಿದಾಗ ಗುಂಡು ಬಿಡಿಸಿಕೊಂಡು ಹೊರಡಲಾರದು. ಬೆಂಕಿಗೆ ಮುಂದಕ್ಕೆ ದಾರಿ ಇಲ್ಲದಿದ್ದರೆ ಅದು ಹಿಂದಕ್ಕೆ ಬರುತ್ತದೆ, ಮತ್ತು ಕೋವಿಯ ಹಿಂದೆ ಇರುವುದು ಹೊಡೆಯುವವರ ಮುಖ.

ಇದು ಟೌನೊನಿಗೆ ಗೊತ್ತಿಲ್ಲದ್ದೇನಲ್ಲ. ಅವನೇ ಹತ್ತು ಜನಕ್ಕೆ ಹೇಳಿಕೊಟ್ಟದ್ದು. ಅದಕ್ಕೇ ಅವನ ಬೆಂಚಿನ ಮೇಲೆ ಎರಡು ಡಬ್ಬಿ. ಬರೀ ಗರಗಸ ಬಿದ್ದವು ನೀಲಿ ಡಬ್ಬಿಗೆ, ಹೆರೆದು ಅಳತೆಗೆ ತಂದವು ಕೆಂಪು ಡಬ್ಬಿಗೆ. ಮದ್ದು ತುಂಬುವುದು ಕೆಂಪು ಡಬ್ಬಿಯವಕ್ಕೆ ಮಾತ್ರ. ಇಷ್ಟು ವರ್ಷ ಈ ಕಟ್ಟಳೆ ತಪ್ಪಿರಲಿಲ್ಲ. ಆದರೆ ಕಣ್ಣಿಗೆ ಪೊರೆ ಬಂದವರನ್ನು ಕೇಳಿ ನೋಡಿ. ಮೊದಲು ಹೋಗುವುದು ಬಣ್ಣ.

ನವೆಂಬರಿನ ಬೇಟೆ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಸಿಲ್ವಿ ಬಂದಳು. ಟೌನೊ ಸೌನಾದ ಮುಂಗೋಣೆಯಲ್ಲಿದ್ದ. ಬೆವರಿಳಿಸಿ ಮೀಯುವ ಆ ಮರದ ಮನೆಯ ಮುಂಗೋಣೆಯೇ ಅವನ ಕೆಲಸದ ಜಾಗ. ಒಳಗೆ ಬಂದವಳು ಬೂಟಿನ ಹಿಮ ಝಾಡಿಸಿ, ಒಂದು ರಟ್ಟಿನ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು.

"ಏನೇ ಅದು?"

"ಓದು."

"ಕನ್ನಡಕ ಮನೇಲಿ ಬಿಟ್ಟು ಬಂದೆ."

"ಕನ್ನಡಕ ನಿನ್ನ ಮೂಗಿನ ಮೇಲೇ ಇದೆ ಅಪ್ಪಾ."

ಟೌನೊ ಮೂಗು ಮುಟ್ಟಿ ನೋಡಿಕೊಂಡ. ಹಾಳಾದ್ದು, ಇತ್ತು.

"ಇದು ಹತ್ತಿರದ್ದು ನೋಡೋಕೆ. ಅದು ಬೇರೆ," ಎಂದ.

"ಇದಕ್ಕಿಂತ ಹತ್ತಿರ ಇನ್ನೆಲ್ಲಿಡ್ಲಿ? ಬಾಯೊಳಗೆ?" ಸಿಲ್ವಿ ನಕ್ಕಳು. ಆಮೇಲೆ ನಗು ಬಿಟ್ಟು ಮೆಲ್ಲಗೆ ಹೇಳಿದಳು: "ತೋಟಾ ಕಣಪ್ಪ. ಅಂಗಡೀದು. ದೊಡ್ಡಪ್ಪನ ಕೋವಿಗೆ ಆಗೋದು. ಹೇಳಿ ತರಿಸ್ದೆ. ಈ ವರ್ಷ ನಿಂಗ್ಯಾಕೆ ತೊಂದ್ರೆ ಅಂತ."

"ತೊಂದ್ರೆ ಅಂತ ನಾನಂದ್ನಾ?"

"ನೀನು ಅನ್ನಲ್ಲ. ಅದಕ್ಕೇ ನಾನು ತಂದೆ."

"ಓಹೋ. ಈ ಮುದುಕನ ಕೈ ಬಿದ್ದೋಯ್ತು ಅಂತ ಯಾರಾದ್ರೂ ಹೇಳಿದ್ರೋ? ಆ ಯಾಲ್ಮರ್ ಏನಾದ್ರೂ ಊದಿದ್ನೋ?"

"ಅಪ್ಪಾ, ಯಾರೂ ಏನೂ ಊದಿಲ್ಲ."

"ಆರ್ವಿಡ್ ಬದುಕಿದ್ದಾಗಿಂದ ಆ ಕೋವಿಗೆ ಅಂಗಡಿ ತೋಟಾ ಬಿದ್ದಿಲ್ಲ. ನಾನು ಬದುಕಿರೋವರೆಗೂ ಬೀಳಲ್ಲ."

ಹೀಗೆಂದವನೇ ಪೆಟ್ಟಿಗೆಯನ್ನು ಎತ್ತಿ ಬೆಂಚಿನ ಸೆಳೆಖಾನೆಗೆ ಎಸೆದು ದಡಕ್ಕನೆ ಮುಚ್ಚಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರಬಹುದು. ಇವನದು ಎರಡೇ ಕಾಲಿನ ಮೊಲ. ಒಂದು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅದು ಕೆಂಪು ಡಬ್ಬಿಯ ಎಂದಿನ ಜಾಗದಲ್ಲಿ, ಬಲಗಡೆಗೇ ಇತ್ತು. ನಾಲ್ಕು ದಿನದ ಹಿಂದೆ ಬೆಂಚು ಗುಡಿಸುವಾಗ ತಾನೇ ಎರಡೂ ಡಬ್ಬಿಗಳನ್ನು ಎತ್ತಿ ಕೆಳಗಿಟ್ಟು ಮತ್ತೆ ಮೇಲಿಟ್ಟದ್ದು ಅವನ ತಲೆಗೇ ಬರಲಿಲ್ಲ. ಸಿಟ್ಟು ಬಂದಾಗ ಯಾರ ತಲೆಗೆ ಏನು ಬರುತ್ತದೆ?

ಸಿಲ್ವಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಟೌನೊ ಒಂದೊಂದಕ್ಕೂ ಕೇಪು ಒತ್ತಿ, ಮದ್ದು ಸುರಿದು, ಗುಂಡು ಕೂರಿಸಿದ. ಕೈಗೆ ಅಭ್ಯಾಸವಾದ ಕೆಲಸ, ಕಣ್ಣು ಬೇಕಿರಲಿಲ್ಲ. ಗರಗಸದ ಅಂಚಿಗೂ ಅವನು ಅರ ಹಾಕಿಯೇ ಡಬ್ಬಿಗೆ ಸೇರಿಸುತ್ತಿದ್ದುದರಿಂದ ಬೆರಳಿಗೆ ಏನೂ ಚುಚ್ಚಲಿಲ್ಲ. ಕಡೆಯಲ್ಲಿ ಉಳಿಯಿತಲ್ಲ, ಅಳತೆ. ಮುಳ್ಳು ತಿರುಗುವ ಅಳತೆಕೋಲಿನ ಬಾಯಿಗೆ ತೋಟಾ ಕೊಟ್ಟು, ಮುಳ್ಳು ಎಲ್ಲಿ ನಿಂತಿತೆಂದು ಓದಬೇಕು. ಈಗೀಗ ಅವನು ಅದನ್ನು ಓದುತ್ತಿದ್ದದ್ದು ಭೂತಗನ್ನಡಿ ಹಿಡಿದು, ಮೂಗು ಬೆಂಚಿಗೆ ತಾಗುವಷ್ಟು ಬಗ್ಗಿ. ಮಗಳ ಎದುರಿಗೆ ಹಾಗೆ ಬಗ್ಗುವುದೇ? ಅಳತೆಕೋಲನ್ನು ಎತ್ತಿಕೊಂಡವನು ಹಾಗೇ ಕೆಳಗಿಟ್ಟ.

"ಅಳತೆ ನೋಡಲ್ವಾ?" ಎಂದಳು ಸಿಲ್ವಿ.

"ನಲವತ್ತು ವರ್ಷದ ಹೆಬ್ಬೆರಳು ಕಣೇ ಇದು. ಮುಳ್ಳಿಗಿಂತ ಚೆನ್ನಾಗಿ ಹೇಳುತ್ತೆ. ಹಿಡಿ."

ಒಂದು ಹಿಡಿ ತೋಟಾ ಅವಳ ಅಂಗೈಗೆ ಬಿತ್ತು. ಅವಳು ಸೆಳೆಖಾನೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿದಳು. ತೋಟಾಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಕೆನ್ನೆಗೊಂದು ಮುತ್ತು ಕೊಟ್ಟು ಹೋದಳು.

ಮರುದಿನ ಬೆಳಕು ಹರಿಯುವ ಮುಂಚೆ ಅವಳು ಅಪ್ಪನ ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದಳು, ಸಕ್ಕರೆಯ ಗಡ್ಡೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ತಾಯಿ ಕುಡಿಯುತ್ತಿದ್ದ ಹಾಗೆಯೇ. ಏಲಕ್ಕಿ ಹಾಕಿದ ಪುಲ್ಲಾ ರೊಟ್ಟಿಯ ಎರಡು ತುಂಡನ್ನು ಕಾಗದದಲ್ಲಿ ಸುತ್ತಿ ಎದೆಯ ಜೇಬಿಗಿಟ್ಟುಕೊಂಡಳು.

"ಗಾಳಿ ಬಡಗಲಿಂದ ಬೀಸ್ತಿದೆ. ಸೀಡರ್ ತೋಪಿನ ಅಟ್ಟಣೆಗೆ ಹೋಗ್ತೀನಿ," ಎಂದಳು.

"ಮೂರಕ್ಕೆ?" ಎಂದ ಟೌನೊ.

"ಒಂದು," ಎಂದಳು ಸಿಲ್ವಿ, ಬಾಗಿಲು ಎಳೆದುಕೊಳ್ಳುತ್ತ.

ಇದು ಅವಳು ಕೋವಿ ಹಿಡಿದ ಮೊದಲ ದಿನದಿಂದ ನಡೆದುಬಂದ ಸವಾಲು ಜವಾಬು. ಈ ಕಾಡಿನ ಕಟ್ಟಳೆ ಅದು. ಒಂದೊಂದು ಉಸಿರು ಬಿಟ್ಟು ಕೋವಿಯ ಮೂರು ಈಡು ಕೇಳಿಸಿದರೆ ಯಾರೋ ಕಷ್ಟದಲ್ಲಿದ್ದಾರೆಂದು ಅರ್ಥ. ಕೇಳಿಸಿಕೊಂಡವರು ಆ ಕ್ಷಣವೇ ಆಕಾಶಕ್ಕೆ ಒಂದು ಈಡು ಹೊಡೆದು, "ಕೇಳಿಸಿತು, ಬರುತ್ತಿದ್ದೇನೆ" ಎಂದು ತಿಳಿಸಬೇಕು, ಆಮೇಲೆ ಹೊರಡಬೇಕು. ಟೌನೊ ಈ ಪಾಠವನ್ನು ಮಗಳಿಗೆ ಸುಮ್ಮನೆ ಕಲಿಸಿದ್ದಲ್ಲ. ಸಿಲ್ವಿ ಕೂಸಾಗಿದ್ದಾಗ ಇದೇ ಕಾಡಿನಲ್ಲಿ ಮರ ಕಡಿಯುವಾಗ ಮೇಪಲ್ ಮರವೊಂದು ಮಗುಚಿ ಅವನ ಸೊಂಟದ ಮೇಲೆ ಬಿದ್ದಿತ್ತು. ಹಿಮದಲ್ಲಿ ಮಲಗಿ ಮೂರು ಈಡು ಹೊಡೆದು ಕಾದಿದ್ದ. ದೂರದಿಂದ ಆರ್ವಿಡ್‌ನ ಒಂದು ಈಡು ಕೇಳಿಸಿತು. ಜನ ಬರುವುದಕ್ಕೆ ಎಷ್ಟೋ ಹೊತ್ತು ಹಿಡಿಯಿತು, ಆದರೆ ಆ ಒಂದು ಸದ್ದಿನಿಂದಲೇ ತಾನು ಉಳಿದೆ ಎಂದು ಅವನು ಸಾವಿರ ಸಲ ಹೇಳಿದ್ದ. "ಉತ್ತರ ಕೊಡದೆ ಓಡಿ ಬರಬೇಡ ಕಣೇ. ಬಿದ್ದೋನಿಗೆ ನೀನು ಬರ್ತಿದ್ದೀಯ ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ಅವನು ಹೆದರ್ಕೊಂಡೇ ಸಾಯ್ತಾನೆ," ಎಂದು ಎಳೆಯ ಹುಡುಗಿಯ ಗಲ್ಲ ಹಿಡಿದು ಹೇಳಿದ್ದ. ಮರ ಬಿದ್ದಂದಿನಿಂದ ಅವನ ಸೊಂಟ ಸೊಟ್ಟ, ಸಿಲ್ವಿಗೆ ಆ ಮಾತು ವೇದ.

ಬಿಸಿಲೇರಿದ ಮೇಲೆ ಯಾಲ್ಮರ್ ಪೆಲ್ಟೊ ತನ್ನ ಹಳೆಯ ಟ್ರಕ್ಕಿನಲ್ಲಿ ಬಂದಿಳಿದ. ಎದೆ ನೋವು ಬಂದಾಗಿನಿಂದ ಡಾಕ್ಟರು ಅವನಿಗೆ ಬೇಟೆ ಬೇಡವೆಂದಿದ್ದರು. ಊರಿನ ಗಂಡಸರೆಲ್ಲ ಕಾಡು ಸೇರುವ ದಿನ ಮನೆಯಲ್ಲಿ ಕೂತರೆ ಹೆಂಡತಿ ತಟ್ಟೆ ತೊಳೆಸುತ್ತಾಳೆಂದು ಇಲ್ಲಿಗೆ ಓಡಿ ಬಂದಿದ್ದ.

"ಬಾ ಬಾ, ಸೌನಾಕ್ಕೆ ಬೆಂಕಿ ಹಾಕೋಣ. ಸಂಜೆ ಸಿಲ್ವಿ ಬರೋ ಹೊತ್ತಿಗೆ ಕಲ್ಲು ಕಾದಿರ್ಬೇಕು," ಎಂದ ಟೌನೊ.

ಇಬ್ಬರೂ ಸೌನಾಕ್ಕೆ ಹೋದರು. ಟೌನೊ ಒಳಗೆ ಒಲೆಯ ಮುಂದೆ ಕೂತು ಬರ್ಚ್ ಮರದ ತೊಗಟೆಗೆ ಕಡ್ಡಿ ಗೀರಿದ. ಯಾಲ್ಮರ್ ಸುಮ್ಮನಿರುವ ಪ್ರಾಣಿಯಲ್ಲ. ಮುಂಗೋಣೆಯಲ್ಲಿ ಒಂದು ಡಬ್ಬಿ ತೆಗೆದು, ಅದರೊಳಗಿನ ಖಾಲಿ ತೋಟಾಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸುತ್ತ ಕೂತ.

"ಅಲ್ಲಯ್ಯಾ, ಇಷ್ಟು ಚೆಂದ ಹೆರೆದು ಇಟ್ಟಿದ್ದೀಯ. ಇವಕ್ಕೆ ಮದ್ದು ಯಾಕೆ ತುಂಬ್ಲಿಲ್ಲ?" ಎಂದು ಅಲ್ಲಿಂದಲೇ ಕೂಗಿದ.

"ಅವು ಬರೀ ಗರಗಸ ಬಿದ್ದವು. ಹೆರೆದವು ನಿನ್ನೇನೇ ಖಾಲಿ ಆದ್ವು."

"ಯಾವ ಗರಗಸ ಮಾರಾಯಾ? ಬಾಯಿ ನೋಡು, ಉಂಗುರ ಇದ್ದ ಹಾಗಿದೆ."

ಟೌನೊ ಎದ್ದು ಬಂದ. ಸಾಲಾಗಿ ನಿಂತ ತೋಟಾಗಳ ತಲೆಯ ಮೇಲೆ ಅಂಗೈ ಇಟ್ಟ. ಗರಗಸ ಬಿದ್ದವನ್ನು ನಿಲ್ಲಿಸಿದರೆ ಒಂದು ಮೇಲೆ, ಒಂದು ಕೆಳಗೆ, ಬಿದ್ದ ಹಲ್ಲಿನ ಸಾಲಿನ ಹಾಗಿರಬೇಕು. ಇವು ಹಾಗಿರಲಿಲ್ಲ. ಅಂಗೈ ಮಟ್ಟಸವಾಗಿ ಮೇಜಿನ ಮೇಲೆ ಕೂತ ಹಾಗೆ ಕೂತಿತು.

"ಡಬ್ಬಿ," ಎಂದ. "ಇದು ಯಾವ ಡಬ್ಬಿ?"

"ನಿನ್ನ ಕೈ ಹತ್ರಾನೇ ಇದೆಯಲ್ಲೋ."

"ಬಣ್ಣ ಹೇಳೋ! ಬಣ್ಣ ಯಾವ್ದು?"

ಯಾಲ್ಮರ್‌ನ ನಗು ನಿಂತಿತು. "ಕೆಂಪು," ಎಂದ. ಒಂದು ಗಳಿಗೆ ಟೌನೊನ ಮುಖವನ್ನೇ ನೋಡಿ, "ಟೌನೊ, ನಿಂಗೆ ಕಾಣಲ್ವೇನೋ?" ಎಂದು ಕೇಳಿದ.

"ನೀಲೀದು? ನೀಲಿ ಡಬ್ಬೀಲಿ ಏನಿದೆ?"

"ಏನೂ ಇಲ್ಲ. ಖಾಲಿ."

ಹೆರೆದವು ಇಲ್ಲಿವೆ. ಹೆರೆಯದವು ಸಿಲ್ವಿಯ ಜೇಬಿನಲ್ಲಿವೆ. ಒಂದು ಉಗುರಿನಷ್ಟು ಉದ್ದ, ಒಂದೊಂದೂ. ಅಳತೆಕೋಲು ನಿನ್ನೆ ಇಟ್ಟಲ್ಲೇ ಇತ್ತು. ಒಂದು ಸಲ, ಒಂದೇ ಸಲ ಬಗ್ಗಿ ನೋಡಿದ್ದರೆ ಆಗುತ್ತಿತ್ತಲ್ಲ.

"ಆ ತೋಟಾ ಹೊಡೀಬಾರ್ದು. ಅವಳ ಮುಖಕ್ಕೇ ಬರುತ್ತೆ. ಯಾಲ್ಮರ್, ಅವಳ ಮುಖಕ್ಕೇ ಬರುತ್ತೆ ಕಣೋ!"

"ಎಲ್ಲಿದ್ದಾಳೆ?"

"ಸೀಡರ್ ತೋಪು."

"ನಾನು ಮರದ ಲಾರಿ ದಾರೀಲಿ ಸುತ್ತಿ ಹೋಗ್ತೀನಿ. ಹಾರ್ನ್ ಒತ್ಕೊಂಡೇ ಹೋಗ್ತೀನಿ. ನೀನು ಇಲ್ಲೇ ಇರು, ಆ ಸೊಂಟದಲ್ಲಿ ಎಲ್ಲಿಗೂ ಹೋಗ್ಬೇಡ," ಎಂದು ಯಾಲ್ಮರ್ ತನ್ನ ಎದೆನೋವನ್ನೂ ಮರೆತು ಓಡಿದ.

ಇಲ್ಲೇ ಇರುವುದಂತೆ! ಬಾಗಿಲ ಬಳಿ ಒರಗಿಸಿದ್ದ ತನ್ನ ಕೋವಿಯನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಟೌನೊ ಕಾಲುದಾರಿಗೆ ಬಿದ್ದ. ಲಾರಿದಾರಿ ಬಳಸು, ಕಾಲುದಾರಿ ಹತ್ತಿರ. ಆದರೆ ಮೊಣಕಾಲುದ್ದದ ಹಿಮ. ದಾರಿ ಕಣ್ಣಿಗೆ ಕಾಣುತ್ತಿರಲಿಲ್ಲ. ಬಿಳಿಯದೊಂದು ಗೋಡೆ, ನಡುನಡುವೆ ಕಪ್ಪು ಗೆರೆಗಳ ಹಾಗೆ ಮರಗಳು. ಕಾಲಿಗೆ ಗುರುತಿದ್ದ ದಾರಿ, ಕಾಲೇ ನಡೆಸಿತು.

ಬೇಟೆಯ ಮೊದಲ ದಿನ ಕಾಡು ಸುಮ್ಮನಿರುತ್ತದೆಯೇ? ಪಡುವಲಲ್ಲಿ ಒಂದು ಈಡು ಕೇಳಿತು. ಟೌನೊ ನಿಂತುಬಿಟ್ಟ. ಅವಳದಲ್ಲ, ದಿಕ್ಕು ಬೇರೆ. ಮತ್ತೆ ನಡೆದ. ಹೊಳೆಯ ಆಚೆಯಿಂದ ಎರಡು ಬಂದವು. ಅದೂ ಅವಳದಲ್ಲ. ಆರ್ವಿಡ್‌ನ ಕೋವಿಯ ದನಿ ಅವನಿಗೆ ಗೊತ್ತು, ಗಂಟಲಲ್ಲಿ ಕಫ ಕಟ್ಟಿದ ಮುದುಕ ಕೆಮ್ಮಿದ ಹಾಗೆ ದಪ್ಪನೆಯ ದನಿ. ಬೆಳಗಿನಿಂದ ಆ ದನಿ ಕೇಳಿಲ್ಲ. ಕೇಳಿಲ್ಲವಲ್ಲ? ಒಲೆಯ ಮುಂದೆ ಕೂತಾಗ ಕೇಳದೆ ಹೋಯಿತೋ? ದೇವರೇ, ಇವತ್ತೊಂದು ದಿನ ಅವಳ ಮುಂದೆ ಒಂದು ಇಲಿಯನ್ನೂ ಹಾಯಿಸಬೇಡ ಎಂದು ಬೇಡಿಕೊಂಡ. ಆಮೇಲೆ ಕೂಗಿದ. "ಸಿಲ್ವೀ!" ಹೊಸ ಹಿಮ ಹತ್ತಿಯ ಹಾಗೆ, ಕೂಗನ್ನೆಲ್ಲ ಹೀರಿಕೊಂಡಿತು.

ತೊರೆಯ ಹತ್ತಿರ ಸೊಂಟ ಕೈಕೊಟ್ಟಿತು. ಮಂಜುಗಡ್ಡೆಯ ಮೇಲೆ ಕಾಲಿಟ್ಟವನು ಜಾರಿ ಬಗಲಿಗೆ ಬಿದ್ದ. ಏಳಲು ನೋಡಿದ, ಆಗಲಿಲ್ಲ. ತೋಪು ಇನ್ನೂ ತೊರೆಯಾಚೆ, ದಿಬ್ಬದ ಹಿಂದೆ. ಯಾಲ್ಮರ್‌ನ ಹಾರ್ನ್ ಇನ್ನೂ ಕೇಳಿಸುತ್ತಿಲ್ಲ. ಸಿಲ್ವಿ ಅಲ್ಲಿ ಅಟ್ಟಣೆಯ ಮೇಲೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಳೆ. ಯಾವ ಗಳಿಗೆಯಲ್ಲಾದರೂ ಪೊದೆಯಿಂದ ಕೊಂಬಿನ ಜಿಂಕೆಯೊಂದು ಹೊರಬಂದೀತು, ಅವಳು ಕೆನ್ನೆಯನ್ನು ಕೋವಿಗೆ ಒತ್ತಿಯಾಳು. ಅವಳನ್ನು ಆ ಅಟ್ಟಣೆಯಿಂದ ಇಳಿಸಬೇಕು, ಈಗಲೇ ಇಳಿಸಬೇಕು. ಹೇಗೆ?

ಕೈಯಲ್ಲಿ ಕೋವಿ ಇತ್ತು. ಬಿದ್ದಲ್ಲಿಂದಲೇ ನಳಿಗೆಯನ್ನು ಆಕಾಶಕ್ಕೆತ್ತಿ ಒಂದು ಈಡು ಹೊಡೆದ. ಉಸಿರು ಬಿಟ್ಟ. ಎರಡನೆಯದು. ಉಸಿರು ಬಿಟ್ಟ. ಮೂರನೆಯದು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬರುತ್ತಾಳೆ. ಇಂದ್ರನ ಐರಾವತವೇ ಎದುರಿಗೆ ನಿಂತಿದ್ದರೂ ಬಿಟ್ಟು ಓಡಿ ಬರುತ್ತಾಳೆ, ಅವನ ಮಗಳಲ್ಲವೇ. ಹಿಮದ ಮೇಲೆ ತಲೆ ಚೆಲ್ಲಿ ಮಲಗಿದ. ಹೀಗೇ ಒಮ್ಮೆ ಮಲಗಿದ್ದೆನಲ್ಲ ಎನ್ನಿಸಿತು. ಮೇಪಲ್ ಮರ ಸೊಂಟದ ಮೇಲಿತ್ತು, ಮೂರು ಈಡು ಹೊಡೆದು ಹೀಗೇ ಆಕಾಶ ನೋಡುತ್ತ ಮಲಗಿದ್ದೆ, ಆಗ ಆರ್ವಿಡ್‌ನ...

ಟೌನೊ ಎದ್ದು ಕೂತ. ಸೊಂಟ ಮುರಿದರೆ ಮುರಿಯಲಿ ಎಂದು ಎದ್ದು ಕೂತ.

"ಬೇಡ! ಸಿಲ್ವೀ, ಬೇಡ್ವೇ! ಹೊಡೀಬೇಡ್ವೇ!"

ಕೆಟ್ಟ ಮೇಲೆ ಬುದ್ಧಿ ಬಂತಂತೆ. ಗಂಟಲು ಹರಿಯುವ ಹಾಗೆ ಕೂಗಿದ. ಹಿಮ ಅದನ್ನೂ ನುಂಗಿತು. ದಿಬ್ಬದ ಆಚೆಯಿಂದ ಉತ್ತರ ಬಂತು. ಅದು ಆರ್ವಿಡ್‌ನ ಕೋವಿಯ ದಪ್ಪನೆಯ ದನಿಯಾಗಿರಲಿಲ್ಲ. ಒಣ ಸೌದೆ ಸೀಳಿದ ಹಾಗೆ ಒಂದು ಚಟಾರ್, ಅದರ ಹಿಂದೆ ಮಾರ್ದನಿಯೂ ಇರಲಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಯಾಲ್ಮರ್‌ನ ಹಾರ್ನ್ ಬಿಟ್ಟೂ ಬಿಡದೆ ಕೂಗತೊಡಗಿತು.

ತೊರೆಯನ್ನು ಹೇಗೆ ದಾಟಿದನೋ, ದಿಬ್ಬ ಹೇಗೆ ಹತ್ತಿದನೋ, ಆಮೇಲೆ ಅವನಿಗೇ ನೆನಪಿರಲಿಲ್ಲ. ತೆವಳಿದ್ದನೆಂದು ಅವನ ಮೊಣಕೈಗಳನ್ನು ನೋಡಿದವರು ಹೇಳಿದರು. ಅವನು ಮುಟ್ಟುವ ಹೊತ್ತಿಗೆ ಯಾಲ್ಮರ್ ಅಲ್ಲಿದ್ದ. ಸಿಲ್ವಿ ಅಟ್ಟಣೆಯಿಂದ ತಾನೇ ಇಳಿದು, ಅಪ್ಪನಿದ್ದ ದಿಕ್ಕಿಗೆ ಹತ್ತಾರು ಹೆಜ್ಜೆ ನಡೆದು ಬಂದು, ಅಲ್ಲಿ ಮೊಣಕಾಲೂರಿ 'ಅಪ್ಪಾ, ಅಪ್ಪಾ' ಎನ್ನುತ್ತ ಕೂತಿದ್ದಳು. ಉಣ್ಣೆಯ ಕೈಗವಸನ್ನು ಮುಖದ ಬಲಭಾಗಕ್ಕೆ ಒತ್ತಿ ಹಿಡಿದಿದ್ದಳು. ಮುಂದಿನ ಹಿಮದ ಬಣ್ಣ ಏನೆಂದು ಟೌನೊನಿಗೆ ಈ ಸಲ ಯಾರೂ ಹೇಳಬೇಕಾಗಲಿಲ್ಲ. ಇಬ್ಬರು ಮುದುಕರೂ ಅವಳನ್ನು ಎತ್ತಿ ಟ್ರಕ್ಕಿಗೆ ಹಾಕಿದರು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಆ ಮಾತು ಹೇಳಿದವನನ್ನು ಕರೆದು ತಂದು ಆ ದಿನ ಆಸ್ಪತ್ರೆಯ ಮುಂದೆ ನಿಲ್ಲಿಸಬೇಕಿತ್ತು. ಮಾಡಿದವನು ಹೊರಗೆ ಬೆಂಚಿನ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ದ. ಉಂಡವಳು ಒಳಗೆ ಮಲಗಿದ್ದಳು. ಬಲಗಣ್ಣು ತೆಗೆಯಬೇಕಾಯಿತು ಎಂದು ಡಾಕ್ಟರು ಬಂದು ಹೇಳಿದರು. ಕೆನ್ನೆಯ ಮೂಳೆಯಲ್ಲಿ ಹಿತ್ತಾಳೆಯ ಚೂರುಗಳಿವೆ, ಎಲ್ಲವನ್ನೂ ತೆಗೆಯಲಾಗಲಿಲ್ಲ ಎಂದರು. ಎಡಗಣ್ಣು ಉಳಿದೀತು, ಆದರೆ ಇನ್ನು ಬಸ್ಸು ಓಡಿಸುವುದು ಆಗದು ಎಂದರು. ಟೌನೊ ಎಲ್ಲದಕ್ಕೂ ತಲೆಯಾಡಿಸಿದ. ಹಿತ್ತಾಳೆ ಎಂದಾಗ ಮಾತ್ರ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಮರುದಿನ ಅವಳಿಗೆ ಎಚ್ಚರವಾದಾಗ ಒಳಗೆ ಬಿಟ್ಟರು. ತಲೆಗೆಲ್ಲ ಬಿಳಿ ಬಟ್ಟೆ ಸುತ್ತಿದ್ದರು. ಟೌನೊನಿಗೆ ಅದು ದಿಂಬಿಗಿಂತ ಬೇರೆಯಾಗಿ ಕಾಣುತ್ತಿರಲಿಲ್ಲ. ಕುರ್ಚಿಯನ್ನು ತಡಕಿ ಎಳೆದುಕೊಂಡು ಹತ್ತಿರ ಕೂತ. ಸಿಲ್ವಿ ಕೈ ಚಾಚಿ ಅವನ ತೋಳನ್ನು, ಭುಜವನ್ನು ಮುಟ್ಟಿ ನೋಡಿದಳು.

"ಅಪ್ಪಾ, ಏನಾಗಿತ್ತು ನಿಂಗೆ? ಬಿದ್ಯಾ? ಸೊಂಟಾನಾ?"

ಟೌನೊ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಎಷ್ಟು ಹೆದ್ರಿದ್ದೆ ಗೊತ್ತಾ. ಮೂರು ಕೇಳಿಸ್ತು. ನಿನ್ನ ಕೋವೀನೇ ಅಂತ ತಕ್ಷಣ ಗೊತ್ತಾಯ್ತು." ಅವಳ ತುಟಿ ಊದಿತ್ತು, ಮಾತು ನಿಧಾನವಾಗಿ ಬಂತು. "ಬೆಳಿಗ್ಗೇನೇ ತೋಟಾ ಹಾಕುವಾಗ ಕೋವಿ ಹಿಂದಿನ ಬೋಲ್ಟ್ ಬಿಗಿ ಅನ್ನಿಸ್ತು ಕಣಪ್ಪ. ಒತ್ತಿ ಮುಚ್ಚಬೇಕಾಯ್ತು. ಇದೇನೋ ಸರಿ ಇಲ್ಲ, ಇವತ್ತು ಹೊಡೆಯೋದು ಬೇಡ, ಸುಮ್ನೆ ಕೂತು ಸಂಜೆಗೆ ಹೋಗೋಣ ಅಂದ್ಕೊಂಡೆ. ನಿಂಗೆ ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ, ಏನೂ ಕಾಣಿಸ್ಲಿಲ್ಲ ಅಂತ ಹೇಳೋಣ ಅಂತಿದ್ದೆ. ಒಂದು ದೊಡ್ಡ ಗಂಡು ಜಿಂಕೆ ಬಂತು. ಎದುರಿಗೇ ನಿಂತಿತ್ತು. ಬಿಟ್ಬಿಟ್ಟೆ. ಅದಾದ್ಮೇಲೆ ನಿನ್ನ ಮೂರು ಕೇಳಿಸ್ತು." ಸ್ವಲ್ಪ ಉಸಿರು ತೆಗೆದುಕೊಂಡಳು. "ಒಂದು ಹೊಡೆದೆ. ಕೇಳಿಸ್ತಾ ನಿಂಗೆ?"

"ಕೇಳಿಸ್ತು ಮಗಳೇ."

"ಏನಾಗಿತ್ತು ಮತ್ತೆ?"

ಸುಳ್ಳು ಹೇಳಬಹುದಿತ್ತು. ಬಿದ್ದೆ ಎನ್ನಬಹುದಿತ್ತು, ಬಿದ್ದದ್ದು ನಿಜವೇ ಆಗಿತ್ತು. ಎರಡು ಚಳಿಗಾಲ ಲೋಕಕ್ಕೆಲ್ಲ ಸುಳ್ಳು ಹೇಳಿ ಪಳಗಿದ ಬಾಯಿ ಅದು. ಆದರೆ ಆ ಕೈ ಅವನ ಭುಜದ ಮೇಲೆ ಇನ್ನೂ ಗಾಯ ಹುಡುಕುತ್ತಿತ್ತು.

"ನಂಗೆ ಕಣ್ಣು ಕಾಣಲ್ಲ ಸಿಲ್ವಿ," ಎಂದ. "ನಿಂಗೆ ಕೊಟ್ಟಿದ್ದು ತಪ್ಪು ಡಬ್ಬೀದು. ಹೆರೆಯದೇ ಇದ್ದವು. ಅಳತೆ ನೋಡ್ಲಿಲ್ಲ ನಾನು. ನೀನು ಬಾಗಿಲಲ್ಲಿ ನಿಂತಿದ್ದೆ, ಅದಕ್ಕೆ ನೋಡ್ಲಿಲ್ಲ. ಗೊತ್ತಾದ ಮೇಲೆ ನಿನ್ನನ್ನ ಇಳಿಸೋಕೆ ಅಂತ ಮೂರು ಹೊಡೆದೆ."

ಸಿಲ್ವಿಯ ಕೈ ನಿಂತಿತು. ಕೋಣೆಯ ಹೊರಗೆ ಯಾರೋ ಗಾಲಿಯ ಮೇಜನ್ನು ತಳ್ಳಿಕೊಂಡು ಹೋದರು. ಬೈಯಲಿ ಎಂದು ಟೌನೊ ಕಾದ. ಹೊರಗೆ ಹೋಗು ಎನ್ನಲಿ, ಮುಖ ತೋರಿಸಬೇಡ ಎನ್ನಲಿ ಎಂದು ತಲೆ ತಗ್ಗಿಸಿಕೊಂಡು ಕಾದ.

"ಹಾಗಾದ್ರೆ ನಿಂಗೆ ಏನೂ ಆಗಿರ್ಲಿಲ್ಲ," ಎಂದಳು ಕಡೆಗೆ.

"ಏನೂ ಆಗಿರ್ಲಿಲ್ಲ."

"ಸದ್ಯ," ಎಂದಳು ಸಿಲ್ವಿ. ಅವನ ಭುಜದ ಮೇಲಿನ ಕೈಯನ್ನು ತೆಗೆದು ಹೊದಿಕೆಯ ಒಳಗೆ ಇಟ್ಟುಕೊಂಡು, ಗೋಡೆಯ ಕಡೆ ಹೊರಳಿ ಮಲಗಿದಳು.